ಚಿಲಕ ಬಿಡಲಿಲ್ಲ, ಗೋಡೆ ಬಿಟ್ಟಿತು

ಎಂಜಿನಿಯರುಗಳೇ ತುಂಬಿರುವ ಮನೆತನದಲ್ಲಿ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಗಬಾರದು. ಸಿಕ್ಕರೆ ಯಾವ ಬ್ರಾಂಚ್ ಎಂಬ ಪ್ರಶ್ನೆ ಏಳುತ್ತದೆ, ಎದ್ದ ಪ್ರಶ್ನೆ ಮತ್ತೆ ಮಲಗುವುದಿಲ್ಲ. ಸಂಜೆ ಐದರೊಳಗೆ ನನ್ನ ಫೋನಿನಲ್ಲಿ ಬ್ರಾಂಚ್ ಆರಿಸಬೇಕಿತ್ತು, ತಪ್ಪಿದರೆ ಸೀಟೇ ಇಲ್ಲ. ತಮ್ಮತಮ್ಮ ಬ್ರಾಂಚಿನ ಪ್ರಚಾರಕ್ಕೆಂದು ನನ್ನ ಹೆಂಡತಿಯ ಅಣ್ಣ (ಮೆಕ್ಯಾನಿಕಲ್), ತಮ್ಮ (ಎಲೆಕ್ಟ್ರಿಕಲ್), ತಂಗಿಯ ಗಂಡ (ಕಂಪ್ಯೂಟರ್) ಬೆಳಿಗ್ಗೆಯೇ ಬಂದು ಸೋಫಾ ಹಿಡಿದಿದ್ದರು. ನಾನು ಸಿವಿಲ್. ಈ ಮನೆಯನ್ನು ಖುದ್ದು ನಿಂತು ಕಟ್ಟಿಸಿದವನು. ನನಗೆ ಸಿಕ್ಕಿದ್ದು ಅಡುಗೆಮನೆಯ ಸ್ಟೂಲು.

ಮಗಳು ಎಲ್ಲರ ಮಾತಿಗೂ ಹೂಂಗುಟ್ಟುತ್ತಿದ್ದಳು. ಆ ಹೂಂ ನನಗೆ ದಿಗಿಲು ಹುಟ್ಟಿಸಿತು. ನನ್ನ ವಂಶದ ಏಕೈಕ ಕುಡಿ ಸೋಫಾದವರ ಪಾಲಾಗುವುದೆಂದರೇನು? ನಾಲ್ಕೂವರೆಗೆ ಫೋನನ್ನು ಜೇಬಿಗಿಳಿಸಿ, ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. (ಮಗಳ ಭವಿಷ್ಯಕ್ಕಾಗಿ ತಂದೆಯಾದವನು ಇಷ್ಟೂ ನಟಿಸದಿದ್ದರೆ ಹೇಗೆ?) ಸಿವಿಲ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಒಳಗೆ ಸಿಗ್ನಲ್ ಇರಲಿಲ್ಲ. ಹೊರಗೆ ಬರೋಣವೆಂದರೆ ಜಪ್ಪಯ್ಯ ಎಂದರೂ ಚಿಲಕ ಅಲುಗಲಿಲ್ಲ.

ಬೇರೆ ದಾರಿಯಿಲ್ಲದೆ ಕೂಗಿದೆ. ಬಾಗಿಲಾಚೆ ತಜ್ಞರ ಸಮಿತಿ ನೆರೆಯಿತು.

"ರೀ, ಹೊಟ್ಟೆನೋವಿಗೆ ಫೋನ್ ಯಾಕ್ರೀ ಬೇಕಿತ್ತು?" ಎಂದಳು ನನ್ನವಳು. ನಾನು ಕಿವುಡನಾದೆ.

ದೊಡ್ಡ ಭಾವ ಘರ್ಷಣೆಯ ಬಗ್ಗೆ ಉಪನ್ಯಾಸ ಶುರುಮಾಡಿ, ಅರ್ಥವಾಗಲೆಂದು ಬಾಗಿಲ ಮೇಲೇ ಚಿತ್ರ ಬರೆದರು. (ಹೊರಗಡೆ. ನಾನು ಒಳಗಡೆ.) ಚಿಕ್ಕವನು ಯಾವ ಕೆಲಸಕ್ಕೂ ಮೊದಲು ಕರೆಂಟು ತೆಗೆಯಬೇಕೆಂದು ಇಡೀ ಮನೆಯ ಮೇನ್ ಇಳಿಸಿದ, ನನಗೆ ಕತ್ತಲಾಯಿತು. ನನ್ನ ಷಡ್ಡಕ, ಒಮ್ಮೆ ಎಲ್ಲವನ್ನೂ ಮುಚ್ಚಿ ತೆರೆದರೆ ಸರಿಹೋಗುತ್ತದೆ, ಕೆಳಗಿನ ಚಿಲಕವನ್ನೂ ಹಾಕಿ ತೆಗೆಯಿರಿ ಎಂದ. ಬುದ್ಧಿಗೇಡಿ ನಾನು, ಹಾಕಿದೆ. ಅದೂ ಸಿಕ್ಕಿಕೊಂಡಿತು.

"ಅಪ್ಪ, ಫೋನಾದ್ರೂ ಕೆಳಗಿಂದ ತಳ್ಳು. ಟೈಮಾಗ್ತಿದೆ." ಎಂದಳು ಮಗಳು ಬಾಗಿಲು ಬಡಿಯುತ್ತಾ.

ಸಂದಿಯೇ ಇರಲಿಲ್ಲ. ಒಂದು ಕಾಗದವೂ ತೂರದ ಹಾಗೆ ಈ ಬಾಗಿಲನ್ನು ಕೂರಿಸಿದ್ದು ನಾನೇ. ಮನೆಗೆ ಬಂದವರಿಗೆಲ್ಲ ಕಾಗದ ಹಿಡಿದು ತೋರಿಸಿ ಬೀಗಿದ್ದೇನೆ. ಆಗ ನನಗೆ ನಿಜವಾಗಿ ಭಯವಾಯಿತು. ಯಾವ ಬ್ರಾಂಚಾದರೂ ಹಾಳಾಗಿ ಹೋಗಲಿ, ಕೂಸಿನ ಸೀಟು ಉಳಿದರೆ ಸಾಕು ಅನ್ನಿಸಿತು.

ಹೊರಗೆ, ಮೊದಲು ಚಿಲಕ ಒಡೆಯಬೇಕೋ ತಿರುಪು ಬಿಚ್ಚಬೇಕೋ ಎಂಬ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿತ್ತು.

"ಅಪ್ಪ, ಹಿಂದಕ್ಕೆ ಸರಿ," ಎಂದಳು ಮಗಳು.

ಅವಳ ಸುತ್ತಿಗೆಯ ಏಟು ಬಿತ್ತು. ಬಾಗಿಲಿಗಲ್ಲ, ಪಕ್ಕದ ಗೋಡೆಗೆ. ಆನೆ ಬಂದು ಗುದ್ದಿದರೂ ಜಗ್ಗದು ಎಂದು ನಾನು ಆಣೆಯಿಟ್ಟಿದ್ದ ಗೋಡೆ ಅದು. ಇನ್ನೊಂದು ಏಟಿಗೆ ಇಟ್ಟಿಗೆಗಳು ಉದುರಿದವು. ಬಾಗಿಲು ಚೌಕಟ್ಟಿನ ಸಮೇತ ಸಾವಕಾಶವಾಗಿ ಹೊರಕ್ಕೆ ವಾಲಿತು, ಸಮಿತಿ ಚೆದುರಿತು, ಬಾಗಿಲು ದೊಪ್ಪನೆ ಬಿತ್ತು. ಎರಡು ಚಿಲಕಗಳೂ ಹಾಕಿದ ಹಾಗೇ ಇದ್ದವು. ಸಿಮೆಂಟಿನ ಧೂಳು ಬಳಿದುಕೊಂಡು ನಾನು ಫೋನು ಚಾಚಿ ನಿಂತಿದ್ದೆ.

ಮಗಳು ಪರದೆ ನೋಡಿದಳು. ಅಲ್ಲಿ ಸಿವಿಲ್ ಎಂದಿತ್ತು. ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಗುಂಡಿ ಒತ್ತಿದಳು.

"ಸಿವಿಲ್ಲೇ ಇರಲಿ."

"ಅಲ್ಲಮ್ಮಾ," ಎಂದರು ದೊಡ್ಡ ಭಾವ ನೋವಿನಿಂದ, "ಚಿಲಕ ನೋಡು, ಇನ್ನೂ ಬಿಟ್ಟಿಲ್ಲ. ಬಿದ್ದಿದ್ದು ಗೋಡೆ."

"ಅದಕ್ಕೇ ಮಾವ. ಈ ಮನೇಲಿ ಗೋಡೆ ವಿಷಯ ಗೊತ್ತಿರೋರು ಯಾರೂ ಇಲ್ಲ."

ಮಾತು ಚುಚ್ಚಿತು. ಆದರೂ ಗೆದ್ದವನು ನಾನೇ ತಾನೆ? ಧೂಳು ಕೊಡವಿಕೊಂಡು ಸೋಫಾದ ಕಡೆ ಹೊರಟೆ. ಅಷ್ಟರಲ್ಲಿ ಮಗಳು ಕೇಳಿದಳು:

"ಅಪ್ಪ, ಅಡುಗೆಮನೆ ಗೋಡೇನೂ ನೀನೇ ನಿಂತು ಕಟ್ಟಿಸಿದ್ದಾ?"

"ಮತ್ತೆ? ಒಂದೊಂದು ಇಟ್ಟಿಗೆಗೂ ನಾನೇ ನಿಂತಿದ್ದೆ," ಎಂದೆ ಎದೆಯುಬ್ಬಿಸಿ.

ನನ್ನವಳು ಒಳಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದಿಡತೊಡಗಿದಳು. ಮೂರೂ ಬ್ರಾಂಚಿನವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದು ಫ್ರಿಜ್ಜನ್ನು ಹೊರಗೆ ಸಾಗಿಸಲು ಕೈ ಹಾಕಿದರು.