ಗಂಗತ್ತೆಯ ಚೀನಾ ಗುಲಾಬಿ

ಗಿಡಗಳ ವಿಷಯದಲ್ಲಿ ನನ್ನ ಕೈಗುಣ ಬಹಳ ಒಳ್ಳೆಯದು ಎಂದು ಹೆಗಡೆಕಟ್ಟಾದಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ನಾನು. ನನ್ನ ಹೆಂಡತಿ ಶಾರದೆ ಈ ಬಗ್ಗೆ ಮೊನ್ನೆ ಮೊನ್ನೆಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡಿದ್ದೆ.

ಹಾಗಾಗಿ ನನ್ನ ಅಪ್ಪನ ತಂಗಿ ಗಂಗತ್ತೆ ಕೋಲಸಿರ್ಸಿಯಿಂದ ನಮ್ಮ ಮನೆಗೆ ಬಂದಾಗ, ಅವಳ ಜೊತೆ ಬಂದ ಗುಲಾಬಿ ಗಿಡದ ಸಂಪೂರ್ಣ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಗಂಗತ್ತೆಗೆ ಮಕ್ಕಳಿಲ್ಲ, ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಆಸ್ಪತ್ರೆಯವರು, "ಇನ್ನು ಮನೆಗೆ ಕರೆದುಕೊಂಡು ಹೋಗಿ, ಏನು ಇಷ್ಟವೋ ಅದನ್ನು ಕೊಡಿ" ಎಂದಿದ್ದರು. ಆ ಮಾತಿನ ಅರ್ಥ ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವಳಿಗೆ ಇಷ್ಟವಾದದ್ದು ಒಂದೇ, ಹಳೆಯ ಪೇಂಟ್ ಬಕೆಟ್ಟಿನಲ್ಲಿ ಕುಳಿತು ಬಂದ ಆ ಗಿಡ.

"ಮಾಣಿ, ಎಂಗೆ ಬೇರೆ ಎಂತೂ ಬ್ಯಾಡ. ಹೋಪದ್ರೊಳಗೆ ಆ ಗಿಡದ್ದು ಒಂದು ಹೂ ಕೈಯಲ್ಲಿ ಹಿಡ್ಕಳವು" ಎಂದಳು.

"ಒಂದೆಂತಕ್ಕೆ ಅತ್ತೆ? ಬುಟ್ಟಿ ತುಂಬ ಕೊಡ್ತೆ!" ಎಂದೆ. ಆ ಧೈರ್ಯವನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಚಿಕಿತ್ಸೆಗೆ ಮೊದಲು ರೋಗಿಯ ಹೆಸರು ತಿಳಿಯಬೇಕಲ್ಲ! ಗುಲಾಬಿ ಪ್ರಿಯರ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಎಲೆ, ಮುಳ್ಳು, ಕಾಂಡ, ಚಿಗುರು ಎಲ್ಲದರ ಫೋಟೋ ಕಳಿಸಿದೆ. ಒಬ್ಬರು ಇದು ಕಾಡು ಜಾತಿ ಎಂದರು. ಇನ್ನೊಬ್ಬರು ಇದು ಗುಲಾಬಿ ಹೌದೋ ಎಂದು ಕೇಳಿದರು. ಅವರಿಬ್ಬರ ಜಗಳ ತಣ್ಣಗಾದ ಮೇಲೆ ತಿಳಿದವರೊಬ್ಬರು ತೀರ್ಪು ಕೊಟ್ಟರು: ಇದು ಹಳೆಯ ಕಾಲದ ಚೀನಾ ಗುಲಾಬಿ, ಬಿಸಿಲ ಸೀಮೆಗೆ ಹೇಳಿ ಮಾಡಿಸಿದ್ದು, ವರ್ಷವಿಡೀ ಹೂ ಬಿಡುತ್ತದೆ, ಅದನ್ನು ಅದರ ಪಾಡಿಗೆ ಬಿಡಿ. ಕೊನೆಯ ವಾಕ್ಯವನ್ನು ನಾನು ಓದಲಿಲ್ಲ. ಅಷ್ಟರಲ್ಲಾಗಲೇ ಗಂಗತ್ತೆಯ ಮಂಚದ ಕಡೆಗೆ ಓಡಿದ್ದೆ.

"ಅತ್ತೆ, ನಿನ್ನ ಗಿಡ ಚೀನಾದ್ದಡ!"

"ಚೀನಾದ್ದಾ? ಎನ್ನ ಅತ್ತೆ ಅದ್ರ ಯಲ್ಲಾಪುರದಿಂದ ತಂದದ್ದು. ಯಲ್ಲಾಪುರ ಯಾವಾಗ ಚೀನಾಕ್ಕೆ ಹೋತು?"

ಇಂಥ ಪ್ರಶ್ನೆಗಳಿಗೆ ತಜ್ಞರು ಉತ್ತರಿಸುವುದಿಲ್ಲ. ಮುಂದಿನ ಹಂತಕ್ಕೆ ಹೋಗುತ್ತಾರೆ.

ಮುಂದಿನ ಹಂತ, ರೆಂಬೆ ಸವರುವುದು. ಅದನ್ನು ಒಂದು ವಿಡಿಯೋ ನೋಡಿ ಕಲಿತೆ. ಅದರಲ್ಲಿದ್ದ ಮನುಷ್ಯ ಉಣ್ಣೆಯ ಕೋಟು, ಟೊಪ್ಪಿ ಹಾಕಿಕೊಂಡಿದ್ದ. ಮಾತಾಡುವಾಗ ಅವನ ಬಾಯಿಯಿಂದ ಹೊಗೆ ಬರುತ್ತಿತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು! ಅವನು ತನ್ನ ಗುಲಾಬಿಗಳನ್ನೆಲ್ಲ ನೆಲದಿಂದ ಒಂದು ಗೇಣಿಗೆ ಕತ್ತರಿಸಿದ. ನಾನೂ ಕತ್ತರಿಸಿದೆ. ಅವನ ಊರಿನಲ್ಲಿ ಹಿಮ, ನಮ್ಮಲ್ಲಿ ಏಪ್ರಿಲ್ ಬಿಸಿಲು ಎಂಬುದನ್ನು ಕತ್ತರಿ ಕೇಳಲಿಲ್ಲ.

ಶಾರದೆ ನೆಲದಿಂದ ಒಂದು ರೆಂಬೆ ಎತ್ತಿ ಹಿಡಿದಳು. "ಇದು ಮೊಗ್ಗಲ್ದ?"

ಮೊಗ್ಗೇ. ನಾಲ್ಕೈದು ದಿನದಲ್ಲಿ ಅರಳುವಂಥದ್ದು.

"ಈಗ ಒಂದು ಹೋದ್ರೆ ಮುಂದೆ ನೂರು ಬತ್ತು" ಎಂದು ಅವಳಿಗೆ ವಿಜ್ಞಾನ ಹೇಳಿದೆ. ಅವಳು ಆ ರೆಂಬೆಯನ್ನೂ ಉಳಿದ ತುಂಡುಗಳನ್ನೂ ಒಯ್ದು ಬಚ್ಚಲ ಹಿಂದಿನ ನೆರಳಿನಲ್ಲಿ, ಒದ್ದೆ ಮರಳಿನಲ್ಲಿ ಊರಿದಳು. ನನ್ನ ಬಗ್ಗೆ ಅವಳ ಅಭಿಪ್ರಾಯ ಮೊದಲ ಬಾರಿಗೆ ಅಂದು ಹೊರಬಿತ್ತು.

ಗಿಡ ಪಾಪ, ಅಷ್ಟಾದರೂ ಚಿಗುರಿತು. ಚಿಗುರಿನ ಮೇಲೆ ಕಪ್ಪು ಚುಕ್ಕೆ ಕಂಡಿತು. ನಮ್ಮ ಕಡೆ ಗಿಡಕ್ಕೆ ಏನೇ ಆಗಲಿ, ತೋಟದವನಿಗೆ ಹೊಳೆಯುವುದು ಒಂದೇ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಔಷಧಿ! ಐವತ್ತು ಅಡಿ ಎತ್ತರದ ಮರದ ಗೊನೆಗೆ ಹೊಡೆಯುವ ಪಾಕವನ್ನು ಒಂದು ಗೇಣಿನ ಗಿಡಕ್ಕೆ, ನಡುಮಧ್ಯಾಹ್ನ, ತೊಯ್ದು ತೊಟ್ಟಿಕ್ಕುವಂತೆ ಹೊಡೆದೆ. ಗಿಡ ನೀಲಿಯಾಯಿತು. ಆಮೇಲೆ ಕಂದಾಯಿತು. ಆಮೇಲೆ ಕಡ್ಡಿಯಾಯಿತು. ರೋಗ ಮಾತ್ರ ಪೂರ್ತಿ ಗುಣವಾಯಿತು.

ಅದನ್ನು ಬಕೆಟ್ ಸಮೇತ ಮನೆಯ ಹಿಂದೆ ಅಡಗಿಸಿಟ್ಟೆ. ತನ್ನ ಕಿಟಕಿಯಿಂದ ಬಕೆಟ್ ಕಾಣದೆ ಹೋದದ್ದನ್ನು ಗಂಗತ್ತೆ ಅಂದೇ ಗಮನಿಸಿದಳು.

"ಗಿಡ ಎಲ್ಲಿದ್ದು ಮಾಣಿ?"

"ಆರೈಕೆಲಿ ಇದ್ದು ಅತ್ತೆ."

"ಎಂತಾ ಆರೈಕೆ? ಆಸ್ಪತ್ರೆಲಿ ಎಂಗೆ ಮಾಡಿದ್ವಲ, ಹಂಗಿದ್ದಾ?" ಎಂದು ನಕ್ಕಳು. ನಕ್ಕರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಶಾರದೆ ಊರಿದ ತುಂಡುಗಳು ಎಲೆ ಬಿಟ್ಟವು! ನಾನು ತಕ್ಷಣ ಅವುಗಳ ಅಧಿಕಾರ ವಹಿಸಿಕೊಂಡೆ. ಗಿಡ ಹೋಯಿತು, ತುಂಡುಗಳು ಎಲೆ ಬಿಟ್ಟಿವೆ ಎಂದು ಗಂಗತ್ತೆಗೆ ಇದ್ದದ್ದನ್ನು ಹೇಳಿದೆವು. ಅಂದಿನಿಂದ ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದೇ ಪ್ರಶ್ನೆ. "ಬೇರು ಬಂತನ?"

ಕೇಳುತ್ತಿದ್ದವಳು ಸಾಯಲಿದ್ದವಳು. ಅಂದಾಜಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಒಂದೊಂದನ್ನೂ ಮೆಲ್ಲಗೆ ಕಿತ್ತು, ಬುಡ ನೋಡಿ, ಮತ್ತೆ ಊರಿ ಬಂದು, "ಇನ್ನೂ ಇಲ್ಲೆ ಅತ್ತೆ" ಎನ್ನುತ್ತಿದ್ದೆ. ಇಷ್ಟು ಪ್ರಾಮಾಣಿಕವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಒಂದು ದಿನ ಶಾರದೆ ನೋಡಿಬಿಟ್ಟಳು.

"ನಿಂಗ ಎಂತ ಮಾಡ್ತಾ ಇದ್ರಿ?"

"ತಪಾಸಣೆ."

"ಹೊಟ್ಟೆಲಿಪ್ಪ ಶಿಶುನ ದಿನಾ ಹೊರಗೆ ತೆಗೆದು ನೋಡ್ತ್ರಾ? ಇನ್ನು ಮುಟ್ಟಡಿ!"

ಮುಟ್ಟಲು ಏನೂ ಉಳಿದಿರಲಿಲ್ಲ. ಅದೇ ವಾರ ತುಂಡುಗಳೆಲ್ಲ ಬುಡದಿಂದ ಕಪ್ಪಾದವು. ಗಂಗತ್ತೆಯೂ ಗಂಜಿ ಬಿಟ್ಟಳು. ನನಗೆ ಹೆದರಿಕೆಯಾಯಿತು.

ಹೆದರಿದ ಮನುಷ್ಯ ಮಾಡುವುದನ್ನೇ ನಾನೂ ಮಾಡಿದೆ, ಮೋಸ. ಶಿರಸಿಯ ನರ್ಸರಿಯೊಂದಕ್ಕೆ ಹೋಗಿ, ತೆಳು ಗುಲಾಬಿ ಬಣ್ಣದ ಹೂ ಇದ್ದ ಗಿಡ ತೋರಿಸಿದೆ. "ಒಯ್ರಿ ಸರ್, ಹೈಬ್ರಿಡ್ ಐತ್ರಿ. ಕೊಯ್ದಿಟ್ರೂ ಬಾಡಂಗಿಲ್ರಿ" ಎಂದ ಅಂಗಡಿಯವ. ಮರುದಿನ ಬೆಳಿಗ್ಗೆ ಆ ಹೂ ಕೊಯ್ದು ಗಂಗತ್ತೆಯ ಅಂಗೈಯಲ್ಲಿಟ್ಟೆ. ತುಂಡಿನಲ್ಲಿ ಬಿಟ್ಟ ಮೊದಲ ಹೂ ಎಂದೆ. ಅವಳು ಬೆರಳು ಮಡಚಿ ಹಿಡಿದುಕೊಂಡಳು. ಸಂತೋಷದಿಂದ ನನ್ನ ಕಣ್ಣಲ್ಲಿ ನೀರು ಬಂತು.

ಶಾರದೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅತ್ತೆಯ ಹೂ ಬೆಳಿಗ್ಗೆ ಬೆಳ್ಳಗಿದ್ದು, ಸಂಜೆಗೆ ಕೆಂಪಾಗ್ತು. ಗೊತ್ತಿದ್ದ ನಿಂಗೊಗೆ?"

ಗೊತ್ತಿರಲಿಲ್ಲ. ಎಲೆಯ ಹಲ್ಲು, ಮುಳ್ಳಿನ ಕೊಕ್ಕೆ ಎಲ್ಲ ನೋಡಿ ಜಾತಿ ಗುರುತಿಸಿದ ಮಹಾಶಯ ನಾನು! ಕೋಲಸಿರ್ಸಿಯ ಆ ಅಂಗಳಕ್ಕೆ ಎಷ್ಟೋ ಸಲ ಹೋಗಿದ್ದೆ. ಹೋದಾಗಲೆಲ್ಲ ದೋಸೆ ತಿಂದು ಬಂದಿದ್ದೆ. ಒಂದು ಸಂಜೆಯೂ ಹೂ ನೋಡಿರಲಿಲ್ಲ.

ಆ ದಿನವಿಡೀ ನಾನು ಅವಳ ಮಂಚದ ಪಕ್ಕ ಕುಳಿತು ಹೂವನ್ನೇ ಕಾದೆ. ಕೆಂಪಾಗು ಎಂದು ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಬಿಸಿಲೇರಿದಂತೆ ಅದು ಇನ್ನಷ್ಟು ಬಿಳಿಚಿತು. ಗಂಗತ್ತೆಯ ಕಣ್ಣಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಕೂಡ, ನನ್ನ ಅಂಗಿಯ ಗುಂಡಿ ಹೋಗಿದ್ದನ್ನು ಮಲಗಿದಲ್ಲಿಂದಲೇ ತೋರಿಸಿದ್ದಳು.

ಸಂಜೆ ಅವಳು ಹೂವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಾಗದದಷ್ಟು ಬೆಳ್ಳಗಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಕೆಂಪಾಯ್ದು ಮಾಣಿ" ಎಂದಳು. "ನೀ ಚೊಲೋ ಬೆಳ್ಸಿದ್ದೆ."

ಸುಮ್ಮನಿರಬಹುದಿತ್ತು. ಕಾಲು ಹಿಡಿದುಕೊಳ್ಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, "ಹೌದು ಅತ್ತೆ, ನಾಳಿಗೆ ಇನ್ನೂ ಕೆಂಪಾಗ್ತು!"

ಬೆಳಗಾಗುವಷ್ಟರಲ್ಲಿ ಅವಳು ಹೋಗಿದ್ದಳು. ಹೂ ಅವಳ ತಲೆದಿಂಬಿನ ಪಕ್ಕ ಬಿದ್ದಿತ್ತು. ಶಾರದೆ ಅದನ್ನು ಲೋಟದ ನೀರಿನಲ್ಲಿಟ್ಟಳು. ಒಂದು ಎಸಳೂ ಉದುರದೆ ಅದು ಒಂದು ವಾರ ಚೆನ್ನಾಗಿಯೇ ಇತ್ತು. ಅದಕ್ಕೆ ನಾನು ಏನೂ ಮಾಡಿರಲಿಲ್ಲ.