ಚರಗಿಯ ಬಾಯಿ ಯಾವ ಕಡೆಗಿರತಕ್ಕದ್ದು ಎಂಬ ಬಗ್ಗೆ

ನೋವು ಶಮನ ಹಾಗೂ ಉದರ ವ್ಯವಹಾರಗಳ ಕಾರ್ಯಾಲಯ
ಜೋರಾಪುರ ಪೇಟೆ, ವಿಜಯಪುರ

ಸಂಖ್ಯೆ: ನೋಶ/ಉವ್ಯ/ಚರಗಿ/07/2024-25

ವಿಷಯ: ನೋವಿನ ಗುಳಿಗೆಯಿಂದಾಗುವ ಮಲಬದ್ಧತೆಗೆ ಔಷಧ ಕೊಡುವಾಗ ಚರಗಿಯನ್ನು ಸಾಕ್ಷಿಯಾಗಿ ಪರಿಗಣಿಸುವ ಕುರಿತು.

ಉಲ್ಲೇಖ: (1) ಟಿಕೋಟಾ ತಾಲೂಕು ಘೋಣಸಗಿಯ ಶ್ರೀ ಅಮರಪ್ಪನವರು ನಮ್ಮ ದಾದಿ ನಿರ್ಮಲಾ ಅವರಿಗೆ ಮೇಲಿಂದ ಮೇಲೆ ನೀಡಿದ "ಎಲ್ಲಾ ಆರಾಮ ಐತ್ರಿ" ಎಂಬ ಹೇಳಿಕೆ.
(2) ಅದು ಶುದ್ಧ ಸುಳ್ಳೆಂದು ಅವರ ಹೊಟ್ಟೆ ಸಲ್ಲಿಸಿದ ವರದಿ.

ಅಮರಪ್ಪನವರ ಬೆನ್ನೆಲುಬಿನಲ್ಲಿ ಗಡ್ಡೆಯಿದ್ದು, ಅದರ ನೋವಿಗೆ ಮಾರ್ಫಿನ್ ಗುಳಿಗೆ ಮಂಜೂರಾಗಿದೆ. ಸದರಿ ಗುಳಿಗೆ ನೋವನ್ನು ಮಲಗಿಸುವ ಭರದಲ್ಲಿ ಕರುಳನ್ನೂ ಮಲಗಿಸುತ್ತದೆ. ಆದ್ದರಿಂದ ಕರುಳನ್ನು ಎಬ್ಬಿಸುವ ಗುಳಿಗೆಯೂ ಜೊತೆಗೇ ಮಂಜೂರಾಗಿದ್ದು, ಹೊಟ್ಟೆ ಹಗುರಾಗದ ದಿನ ಅದನ್ನು ಒಂದು ಹೆಚ್ಚಿಗೆ ಕೊಡತಕ್ಕದ್ದೆಂದು ಆದೇಶವಿದೆ. ಹಗುರಾಯಿತೇ ಎಂದು ಕೇಳಬೇಕಾದವರು ಸೊಸೆ ನಂದಾ. ಹೇಳಬೇಕಾದವರು ಮಾವ. ಸೊಸೆಯ ಎದುರು ಜೋರಾಗಿ ಸೀನಲೂ ಸಂಕೋಚಪಡುವ ಅಮರಪ್ಪನವರು, ಈ ವಿಷಯದಲ್ಲಿ ಬಾಯಿ ಬಿಡುವುದಕ್ಕಿಂತ ಪ್ರಾಣ ಬಿಡುವುದೇ ಮೇಲೆಂದು ತೀರ್ಮಾನಿಸಿರುವುದು ಕಂಡುಬಂದಿದೆ.

ನಿರ್ಮಲಾ ಅವರ ಮಧ್ಯಸ್ಥಿಕೆಯಲ್ಲಿ ಒಂದು ಒಪ್ಪಂದವಾಯಿತು. ಪಾಯಖಾನೆಗೆ ನೀರು ಒಯ್ಯುವ ಚರಗಿ ಹಿತ್ತಲ ಬಾಗಿಲಲ್ಲಿ ನೆಟ್ಟಗಿದ್ದರೆ ಕೆಲಸ ಆಗಿದೆ, ಬೋರಲಾಗಿದ್ದರೆ ಆಗಿಲ್ಲ. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ತಮ್ಮನನ್ನು ಮಾತಾಡಿಸಲು ಬಬಲೇಶ್ವರದಿಂದ ಅಕ್ಕ ಕಾಳವ್ವ ಬಂದರು. ಸುಮ್ಮನೆ ಕೂತು ಗೊತ್ತಿಲ್ಲದ ಅವರು, ನೆಟ್ಟಗಿದ್ದ ಚರಗಿಯನ್ನು ಬೂದಿ ಹಚ್ಚಿ ತಿಕ್ಕಿ, ನೀರು ಬಸಿಯಲೆಂದು ದಿನಾಲೂ ಬೋರಲು ಹಾಕಿದರು. ಹೊಲದಿಂದ ಬಂದ ನಂದಾ ಚರಗಿ ನೋಡಿ, ನಿಯಮದಂತೆ ದಿನಾಲೂ ಹೆಚ್ಚಿನ ಗುಳಿಗೆ ಕೊಟ್ಟರು. ಮಾವ ಮರ್ಯಾದೆಯಿಂದ ನುಂಗಿದರು. ಪರಿಣಾಮವನ್ನು ವಿವರಿಸಲು ಕಾರ್ಯಾಲಯವು ಇಚ್ಛಿಸುವುದಿಲ್ಲ.

ಆದಕಾರಣ ಎಲ್ಲರಿಗೂ ಈ ಮೂಲಕ ತಾಕೀತು ಮಾಡಲಾಗಿದೆ:

1. ಚರಗಿಯನ್ನು ರೋಗಿಯ ಹೊರತು ಯಾರೂ ತಿಕ್ಕತಕ್ಕದ್ದಲ್ಲ. ತಿಕ್ಕದೆ ಇರಲಾರದ ಸಂಬಂಧಿಕರಿಗೆ ಬೇರೊಂದು ತಂಬಿಗೆ ಒದಗಿಸತಕ್ಕದ್ದು.

2. ಅಡ್ಡಬಿದ್ದ ಚರಗಿಯನ್ನು "ಪ್ರಯತ್ನ ಜಾರಿಯಲ್ಲಿದೆ" ಎಂದು ಓದಿಕೊಳ್ಳತಕ್ಕದ್ದು. ಬೆಕ್ಕು ಉರುಳಿಸಿದ ಶಂಕೆಯಿದ್ದಲ್ಲಿ ಬೆಕ್ಕಿನ ಹೇಳಿಕೆ ಪಡೆಯತಕ್ಕದ್ದು.

3. ಮಾತಾಡಿಸಲು ಬರುವವರು ತಾವು ತಂದ ಹರಳೆಣ್ಣೆಯನ್ನೂ, ಅದರಿಂದ ತಮ್ಮ ಬೀಗರಿಗೆ ಗುಣವಾದ ಕಥೆಯನ್ನೂ ಹೊಸ್ತಿಲಾಚೆಯೇ ಇಳಿಸತಕ್ಕದ್ದು.

4. ಚರಗಿ ಹಿಡಿದು ಹೊರಟವರನ್ನು "ಎಲ್ಲಿಗ್ರಿ?" ಎಂದು ಕೇಳುವುದನ್ನು ಟಿಕೋಟಾ ತಾಲೂಕಿನಾದ್ಯಂತ ನಿಷೇಧಿಸಲಾಗಿದೆ. ಮರಳಿ ಬರುವವರ ಮುಖ ನೋಡಿ ಫಲಿತಾಂಶ ಊಹಿಸುವುದೂ ಶಿಕ್ಷಾರ್ಹ.

5. ಮೇಲಿನ ಕಲಮುಗಳು ಟೈಪಾಗುತ್ತಿರುವಾಗಲೇ ಬಂದ ವರ್ತಮಾನವೇನೆಂದರೆ, ಅಮರಪ್ಪನವರು ಬೇಸತ್ತು ಎರಡೂ ಗುಳಿಗೆಗಳನ್ನು ಬಿಟ್ಟಿದ್ದಾರೆ. ನೋವು ಮರಳಿ ಬಂದಿದೆ. ರುಮಾಲಿನ ಚುಂಗು ಕಚ್ಚಿಕೊಂಡು ಕೂತಿದ್ದಾರೆ. ಇದನ್ನು ಬರೆಯುವಾಗ ಕಾರ್ಯಾಲಯಕ್ಕೆ ಸಂಕಟವಾಯಿತೆಂದು ದಾಖಲಿಸಲಾಗಿದೆ.

6. ಅದನ್ನು ಕಂಡ ನಂದಾ ಎದುರಿಗೇ ಬಂದು ನಿಂತು ಆಡಿದ ಮಾತನ್ನು ತಿದ್ದುಪಡಿಯಿಲ್ಲದೆ ಕೊಡಲಾಗಿದೆ: "ಮಾವಾರ, ನಾಚಿಕಿ ಇಬ್ಬರಿಗೂ ಐತ್ರಿ. ನೋವು ನಿಮಗೊಬ್ಬರಿಗೇ ಐತಿ. ಹೇಳ್ರಿ, ಆತೋ ಇಲ್ಲೋ?" ಅಮರಪ್ಪನವರು ಕಚ್ಚಿದ್ದ ಚುಂಗನ್ನು ಬಾಯಿಂದ ತೆಗೆದರು. "ಆತು ಯವ್ವಾ," ಎಂದರು. "ಭಾಳ ಆತು. ಇನ್ನಾ ಆಗಾಕತ್ತೈತಿ." ನಂದಾ ಕೂಡಲೇ ನಿರ್ಮಲಾ ಅವರಿಗೆ ಫೋನು ಹಚ್ಚಿದರು. ಅವರು ಹೇಳಿದಂತೆ ಹೊಟ್ಟೆಯ ಗುಳಿಗೆಗೆ ಆ ದಿನ ರಜೆ ಕೊಟ್ಟು, ನೋವಿನ ಗುಳಿಗೆಯನ್ನು ಕೈಯಾರೆ ನುಂಗಿಸಿದರು.

7. ಆದ್ದರಿಂದ ಕಲಮು 1ರಿಂದ 4ನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಸದರಿ ಮನೆಯಲ್ಲಿ ಬಾಯಿಂದ ಕೇಳಿ, ಬಾಯಿಂದಲೇ ಹೇಳತಕ್ಕದ್ದು.

ಸಹಿ/-
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಚರಗಿ ಹಿಡಿದು ಹೊರಕಡೆಗೆ ಹೋಗಿರುವುದರಿಂದ)

ಪ್ರತಿಗಳು:
1. ಶ್ರೀಮತಿ ಕಾಳವ್ವ, ಬಬಲೇಶ್ವರ: ಮನಸೋಇಚ್ಛೆ ತಿಕ್ಕಲು ಅನುಮತಿಯೊಂದಿಗೆ.
2. ದಾದಿ ನಿರ್ಮಲಾ: ಮುಂದಿನ ಭೇಟಿಯಲ್ಲಿ "ಆರಾಮ" ಎಂಬ ಉತ್ತರವನ್ನು ಸ್ವೀಕರಿಸದಿರಲು.
3. ಬೆಕ್ಕು: ಮಾಹಿತಿಗಾಗಿ.
4. ಶ್ರೀ ಅಮರಪ್ಪ, ಘೋಣಸಗಿ: ಮಧ್ಯಾಹ್ನ ಪ್ರತಿ ಕೊಡಲು ಹೋದಾಗ ಸದರಿಯವರು ಗೊರಕೆ ಹೊಡೆಯುತ್ತಿದ್ದು, ಎಬ್ಬಿಸಲು ಮನಸ್ಸಾಗದೆ ವಾಪಸು ತರಲಾಗಿದೆ.