ವ್ಯಾನಿನ ನೆತ್ತಿಗೆ ಬೆಣ್ಣೆ

ನಮ್ಮ ದೊಡ್ಡಪ್ಪ ಸ್ವಂತ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದನ್ನ ನಾನಂತೂ ನೋಡಿಲ್ಲ. ಹಚ್ಚೋಕೆ ಅಲ್ಲಿ ಕೂದಲಾದ್ರೂ ಎಲ್ಲೈತೆ ಬಿಡ್ರಿ. ಆದ್ರೆ ಒಂದು ವ್ಯಾನಿನ ನೆತ್ತಿಗೆ ಬೆಣ್ಣೆ ತಿಕ್ಕಿದ ಮನುಷ್ಯ ಇಡೀ ದಾವಣಗೆರೆಯಾಗೆ ಇವರೊಬ್ಬರೇ ಅಂತ ಬಾಂಡ್ ಪೇಪರ್ ಮ್ಯಾಲೆ ಬೇಕಾದ್ರೂ ಬರೆದುಕೊಡ್ತೀನಿ.

ವ್ಯಾನ್ ಅಂದ್ರೆ ಸಾದಾ ವ್ಯಾನ್ ಅಲ್ಲ, ಕ್ಯಾಂಪರ್ ವ್ಯಾನು. ಒಳಗೇ ಹಾಸಿಗೆ, ಒಲೆ, ಕೈತೊಳೆಯೋ ಸಿಂಕು ಎಲ್ಲಾ ಐತೆ. ಯಾರೋ ಗೋವಾದೋರು ದೇಶ ತಿರುಗಿ ತಿರುಗಿ ಸಾಕಾಗಿ ಬಿಟ್ಟಿದ್ದನ್ನ ದೊಡ್ಡಪ್ಪ ಎಳಕೊಂಡು ಬಂದ್ರು. ಅವರಿಗೆ ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ ಬಿಟ್ರೆ ಲೋಕದಾಗೆ ಬೇರೇನೂ ಗೊತ್ತಿಲ್ಲ, ಆದ್ರೆ ಎಲ್ಲಾ ಗೊತ್ತೈತೆ ಅಂತ ಅವರಿಗೆ ಗೊತ್ತೈತೆ.

ಯಾಕ ತಂದ್ರು ಅಂದ್ರೆ, ದೊಡ್ಡಮ್ಮಗೋಸ್ಕರ. ದೊಡ್ಡಮ್ಮಗೆ ಬೆನ್ನಿನ ಆಪರೇಷನ್ ಆಗಿತ್ತು. ಆಟೋ ಬ್ಯಾಡ, ಬಸ್ ಬ್ಯಾಡ, ಮಲಗಿಕೊಂಡೇ ಹೋಗ್ಬೇಕು ಅಂದಿದ್ರು ಡಾಕ್ಟ್ರು. ಆಂಬುಲೆನ್ಸ್ ಕರೆಸ್ಲಾ ಅಂದ್ರೆ, "ನಾನಿನ್ನೂ ಬದುಕೀನಿ, ಬೀದಿಯೋರೆಲ್ಲ ಕಣ್ಣೀರು ಹಾಕಿದ್ರೆ ಅವರಿಗೆ ಯಾರು ಚಾ ಮಾಡಿಕೊಡೋರು?" ಅಂತಾರೆ ದೊಡ್ಡಮ್ಮ. ಹಿಂಗಾಗಿ ಹರಿಹರದ ತವರುಮನೆ, ಪಕ್ಕದೂರು ಅನ್ನೋವಷ್ಟು ಹತ್ರ, ಅವರಿಗೆ ಕಾಶಿ ಆಗಿಬಿಟ್ಟಿತ್ತು. ಈಗ ಅವರ ತಂಗಿ ಮಗಳಿಗೆ ಕೂಸು ಹುಟ್ಟಿತ್ತು, ಭಾನುವಾರ ಅಲ್ಲೇ ತೊಟ್ಟಿಲು ಹಾಕೋ ಕಾರ್ಯ. ತಂಗಿ ಫೋನ್ ಮಾಡಿ, "ಅಕ್ಕ, ನೀ ಬರದೆ ಹೆಸರು ಕೂಗಲ್ಲ" ಅಂದಿದ್ದಳು.

ವ್ಯಾನ್ ಬಂತಲ್ಲ, ಮಲಗಿ ಹೋಗಿಬಿಡಬಹುದಲ್ಲ ಅಂತೀರಾ? ಅಲ್ಲೇ ಐತೆ ನೋಡ್ರಿ ಮಜಾ. ಆಸ್ಪತ್ರೆಯಾಗೆ ದೊಡ್ಡಮ್ಮನ್ನ ಆ ಸ್ಕ್ಯಾನಿಂಗ್ ಕೊಳವೆ ಒಳಗೆ ತಳ್ಳಿದ್ರಲ್ಲ, ಅವತ್ತಿಂದ ಕತ್ತಲೆ ಜಾಗ ಅಂದ್ರೆ ಅವರಿಗೆ ಉಸಿರೇ ಸಿಗಲ್ಲ. ಈ ವ್ಯಾನಿನ ಮ್ಯಾಲ್ಚಾವಣಿ ಫೈಬರ್ ಗ್ಲಾಸಿಂದು. ಹಾಲಿನ ಬಣ್ಣ, ಬಿಸಿಲು ಬಿದ್ರೆ ಒಳಗೆಲ್ಲಾ ಬೆಳದಿಂಗಳು ಚೆಲ್ಲಿದಂಗೆ ಇರ್ಬೇಕು. ಆದ್ರೆ ನಿಲ್ಲಿಸಿದ್ದು ಎಲ್ಲಿ? ಮಂಡಕ್ಕಿ ಹುರಿಯೋ ಭಟ್ಟಿ ಹಿಂದ್ಗಡೆ, ದೊಡ್ಡಪ್ಪನ ಮನೆ ಮುಂದೆ. ಭಟ್ಟಿ ಹೊಗೆ ಅಲ್ಲಿ ಒಗೆದ ಬನಿಯನ್ನೂ ಬಿಡಲ್ಲ, ಚಾವಣಿ ಬಿಡುತ್ತಾ? ಮಸಿ ಕೂತು ಕೂತು ದೋಸೆ ಹಂಚಿನ ತಳ ಆಗಿತ್ತು. ದೊಡ್ಡಮ್ಮ ಒಂದ್ಸಲ ಒಳಗೆ ಮಲಗಿ, ಬೀದಿ ತುದಿ ಮುಟ್ಟೋದ್ರೊಳಗೆ ಬೆವೆತು, "ಇಳಿಸ್ರಿ, ಸುರಂಗದಾಗೆ ಹೋದಂಗೆ ಆಗ್ತೈತೆ" ಅಂತ ವಾಪಸ್ ಬಂದಿದ್ರು.

"ಅಷ್ಟೇನಾ? ತೊಳದ್ರಾಯ್ತು" ಅಂದ್ರು ದೊಡ್ಡಪ್ಪ.

ಈ 'ತೊಳದ್ರಾಯ್ತು' ನೋಡೋಕೇ ನಾನು ವಿದ್ಯಾನಗರದ ನಮ್ಮ ಮನೆಯಿಂದ ಸ್ಕೂಟಿ ಹತ್ತಿ ಬಂದೆ. ಪಿಯುಸಿ ಓದೋ ಹುಡುಗಿಗೆ ಇದಕ್ಕಿಂತ ದೊಡ್ಡ ಮನರಂಜನೆ ಏನೈತೆ ಹೇಳ್ರಿ.

ಗುರುವಾರ ಸೋಪಿನ ಪುಡಿ, ಪೊರಕೆ. ಚಾವಣಿಯಿಂದ ಇಳಿದ ನೀರು ನೀರಾ ಅದು? ಕಷಾಯ! ನೇರ ಹೋಗಿ ಪಕ್ಕದ ಮನೆ ಶಾಹಿದಾ ಆಂಟಿ ಒಣಗಿಸಿದ್ದ ಸಂಡಿಗೆ ಮ್ಯಾಲೆ ಅಭಿಷೇಕ ಆಯ್ತು.

"ಭಾಯ್‌ಸಾಬ್," ಅಂದ್ರು ಆಂಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ಬಿಳೀ ಸಂಡಿಗೆ ಹಾಕಿದ್ದೆ. ಕರೇದು ನಮ್ಮ ಮನೇಲಿ ಯಾರೂ ತಿನ್ನಲ್ಲ."

"ಹೊಸಾ ವೆರೈಟಿ ಅಂತ ಮಾರ್ರಿ" ಅಂದ್ರು ದೊಡ್ಡಪ್ಪ ಮ್ಯಾಲಿಂದ. ಅವತ್ತು ಸಂಜೆ ಅವರ ಮನೆಯಿಂದ ಬರಬೇಕಾಗಿದ್ದ ಬಿರಿಯಾನಿ ಬರಲಿಲ್ಲ. ಅದು ನನಗಾದ ವೈಯಕ್ತಿಕ ನಷ್ಟ.

ಶುಕ್ರವಾರ ಹುಣಸೇಹಣ್ಣು, ಬೂದಿ, ತೆಂಗಿನ ನಾರು. "ತಾಮ್ರದ ಕೊಡ ಬೆಳಗೋ ಮಂದಿ ನಾವು, ಪ್ಲಾಸ್ಟಿಕ್ ಯಾವ ಲೆಕ್ಕ?" ಅಂತ ಥಿಯರಿ. ನಿಜ ಹೇಳ್ತೀನಿ, ಮಸಿ ಹೋಯ್ತು. ಅದರ ಜೊತೆ ಹೊಳಪೂ ಹೋಯ್ತು. ಚಾವಣಿ ಸುಣ್ಣ ಬಳಿದ ಗೋಡೆ ಥರ ಬೆಳ್ಳಗೆ ಮಂಕಾಗಿ ಕೂತಿತು, ಮುಟ್ಟಿದ್ರೆ ಕೈಗೆ ಪುಡಿ, ಒಳಗೆ ಬೆಳಕೂ ಅರೆಬರೆ. ನಾನು ಮೊಬೈಲ್ ನೋಡಿ, "ದೊಡ್ಡಪ್ಪ, ಇದಕ್ಕೆ ಮೇಣ ಹಚ್ಚಬೇಕಂತೆ, ಹೊಳಪು ಬರೋಕೆ" ಅಂದೆ. ಹಂಗಂದಿದ್ದು ನಾನೇ. ಆದ್ರೆ ಮೇಣ ಅಂದಿದ್ದೆ, ನೆನಪಿರಲಿ.

"ಮೇಣ ಅಂದ್ರೆ ಏನವ್ವ? ಜಿಡ್ಡು. ಬೆಣ್ಣೆ ಊರಾಗೆ ಹುಟ್ಟಿ ಮೇಣ ಹುಡುಕ್ತೀಯ? ಕಾವಲಿ ನೋಡಿಲ್ವ, ಬೆಣ್ಣೆ ಬಿದ್ರೆ ಹೆಂಗೆ ಮಿಂಚ್ತೈತೆ."

ದೋಸೆ ಹೋಟ್ಲಿನೋರ ಹತ್ರ ಉಂಡೆ ಉಂಡೆ ಬೆಣ್ಣೆ ತಂದು, ಶನಿವಾರ ಬೆಳಗ್ಗೆ ಚಾವಣಿಗೆಲ್ಲ ತಿಕ್ಕಿದ್ರು. ಅರ್ಧ ಗಂಟೆ ಮಿಂಚಿತು ನೋಡ್ರಿ, ಕಣ್ಣು ಕುಕ್ಕೋ ಹಂಗೆ. ಆಮ್ಯಾಲೆ ಬಿಸಿಲೇರಿತು. ಬೆಣ್ಣೆ ಕರಗಿ ಕಿಟಕಿ ಮ್ಯಾಲೆ ಇಳೀತು. ಕಾಗೆ ಬಂದ್ವು, ಕಾಗೆ ಓಡಿಸೋಕೆ ಬೆಕ್ಕು ಬಂತು, ಬೆಕ್ಕು ಅಲ್ಲೇ ಉಳೀತು. ಇರುವೆಗಳಂತೂ ದೂರದ ಆನಗೋಡಿನಿಂದಲೂ ಬಂದಿರಬೇಕು, ಅಷ್ಟು ಉದ್ದ ಸಾಲು. ಮಧ್ಯಾಹ್ನ ಭಟ್ಟಿ ಹೊತ್ತಿಸಿದ್ರು. ಮಸಿಗೆ ಇಷ್ಟು ದಿನ ಜಾರೋ ಜಾಗ ಇತ್ತು, ಈಗ ಅಂಟೋಕೆ ಹಾಸಿಗೆ ಸಿಕ್ತು. ಸಂಜೆಗೆ ಚಾವಣಿ ಮೊದಲಿಗಿಂತ ಕಪ್ಪು.

ದೊಡ್ಡಪ್ಪ ಏಣಿ ಮ್ಯಾಲೆ ನಿಂತು ಅಂಗೈಗೆ ಮೆತ್ತಿದ ಮಸಿ ನೋಡ್ತಿದ್ರು. ನಾಳೆ ತೊಟ್ಟಿಲು. ನಾನು ಒಂದು ಜೋಕ್ ರೆಡಿ ಮಾಡಿಕೊಂಡಿದ್ದೆ, ಅವರ ಮುಖ ನೋಡಿ ನುಂಗಿಕೊಂಡೆ.

ಒಳಗಿಂದ, ಕಿಟಕಿ ಪಕ್ಕದ ಮಂಚದ ಮ್ಯಾಲಿಂದ ದೊಡ್ಡಮ್ಮನ ದನಿ ಬಂತು. "ಎಣ್ಣೆ ಹಚ್ಚಿದ ತಲೆಗೆ ಏನು ಹಾಕ್ತಾರೆ ಅಂತ ನಿಮಗೆ ಹೆಂಗೆ ಗೊತ್ತಿರ್ಬೇಕು, ತಲೆ ಬೋಳಾಗಿ ಎಷ್ಟು ಕಾಲ ಆಯ್ತು. ಸೀಗೇಪುಡಿ, ಕಡ್ಲೆಹಿಟ್ಟು ಕಲೆಸಿ ಬಿಸಿನೀರಾಗೆ ತೊಳೀರಿ. ನಾರು ಬ್ಯಾಡ, ನನ್ನ ಹಳೇ ಕಾಟನ್ ಸೀರೆ ತಗಳ್ರಿ."

ಹಂಗೆ ವ್ಯಾನಿಗೆ ಎಣ್ಣೆಸ್ನಾನ ಪೂರ್ತಿ ಆಯ್ತು. ಶಾಹಿದಾ ಆಂಟಿ ಬಿಸಿನೀರು ಕಾಯಿಸಿಕೊಟ್ರು, ಸಂಡಿಗೆ ಒಳಗೆ ತೆಗೆದಿಟ್ಟು. ಭಾನುವಾರ ಬೆಳಗ್ಗೆ ಇನ್ನೊಂದು ನೀರು ಹಾಕಿದಾಗ ಒಳಗೆ ಬೆಳಕು ಬಿತ್ತು. ಪೂರ್ತಿ ಅಲ್ಲ, ದೊಡ್ಡಮ್ಮನ ತಲೆ ಬರೋ ಕಡೆ ಮಾತ್ರ ಚೆನ್ನಾಗಿ. ದೊಡ್ಡಮ್ಮ ಮಲಗಿದ್ರು, ನಾನು ಕಾಲ ಹತ್ರ ಕೂತೆ. ದೊಡ್ಡಪ್ಪ ಹೊಸಾ ಪಂಚೆ, ಶಲ್ಯ ಹಾಕಿಕೊಂಡು ಹೊಡೆದ್ರು ನೋಡ್ರಿ ಗಾಡಿ, ಸೈಕಲ್ಲಿನೋರು ನಮ್ಮನ್ನ ಹಿಂದೆ ಹಾಕಿ ತಿರುಗಿ ನೋಡ್ತಿದ್ರು.

ಹರಿಹರಕ್ಕಿಂತ ಸ್ವಲ್ಪ ಮುಂಚೆ ರೈಲ್ವೆ ಗೇಟ್ ಬಿದ್ದಿತ್ತು. ನಮ್ಮ ಮುಂದೆ ಭತ್ತದ ಹೊಟ್ಟಿನ ಲಾರಿ, ತಾಡಪಾಲು ಅರ್ಧ ಕಿತ್ತಿತ್ತು. ಗಾಳಿ ಬೀಸಿತು. ಚಾವಣಿ ಇನ್ನೂ ಆರಿರಲಿಲ್ಲ, ಹಾರಿ ಬಂದ ಹೊಟ್ಟೆಲ್ಲ ಮೆತ್ತಿಕೊಂತು. ಒಳಗೆ ಬೆಳಕು ಮೆಲ್ಲಗೆ ಇಳೀತಾ ಹೋಯ್ತು. ದೊಡ್ಡಮ್ಮ ನನ್ನ ಕೈ ಹಿಡಕೊಂಡ್ರು. ಅಂಗೈ ಒದ್ದೆ.

"ವಾಪಸ್ ಹೋಗಣ ಅಂತ ಹೇಳು" ಅಂದ್ರು, ಕಣ್ಣು ಮುಚ್ಚಿಕೊಂಡು.

ನಾನು "ದೊಡ್ಡಪ್ಪ, ಕತ್ತಲಾಯ್ತು" ಅಂತ ಕೂಗಿದೆ. ಬಾಗಿಲು ಬಡಿದ ಸದ್ದು, ವ್ಯಾನಿನ ಹಿಂದೆ ಜೋಡಿಸಿದ್ದ ಏಣಿ ಕಿರ್ ಅಂದ ಸದ್ದು. ಆಮ್ಯಾಲೆ ಮ್ಯಾಲ್ಗಡೆ ಒಂದು ಅಂಗೈ ಕಾಣಿಸ್ತು, ನೆರಳಾಗಿ, ಐದು ಬೆರಳೂ ಬಿಡಿಬಿಡಿಯಾಗಿ. ಹೊಸಾ ಶಲ್ಯ ಹಿಡಕೊಂಡು ಒರೆಸ್ತಿತ್ತು. ಆ ಕೈ ಹೋದ ಕಡೆಯೆಲ್ಲ ಬೆಳಕು ಬರ್ತಿತ್ತು.

"ದೊಡ್ಡಮ್ಮ, ಕಣ್ಣು ಬಿಡ್ರಿ."

ಬಿಟ್ರು. ಸ್ವಲ್ಪ ಹೊತ್ತು ನೋಡಿದ್ರು. ನನ್ನ ಕೈ ಬಿಟ್ಟು, ಮಲಗಿದಲ್ಲಿಂದಲೇ ತಮ್ಮ ಕೈ ಮ್ಯಾಲೆ ಎತ್ತಿದ್ರು. ಎಟುಕಲಿಲ್ಲ, ಮಧ್ಯೆ ಒಂದೆರಡು ಮೊಳ ಗಾಳಿ. ಆ ನೆರಳು ಎತ್ಲಾಗೆ ಹೋಯ್ತೋ ಇವರ ಕೈಯೂ ಅತ್ಲಾಗೇ ಹೋಗ್ತಿತ್ತು.

ರೈಲು ಹೋಯ್ತು, ಗೇಟ್ ಎತ್ತಿದ್ರು. ಹಿಂದಿನ ಗಾಡಿಯೋರೆಲ್ಲ ಹಾರ್ನ್ ಹೊಡೆಯೋಕೆ ಶುರು ಮಾಡಿದ್ರು. ಚಾವಣಿ ಯಾವಾಗಲೋ ಸ್ವಚ್ಛ ಆಗಿತ್ತು.

"ಸಾಕು, ಇಳೀರಿ ಅಂತ ಹೇಳ್ಲಾ ದೊಡ್ಡಮ್ಮ?"

"ಹೇಳ್ಬ್ಯಾಡ" ಅಂದ್ರು ದೊಡ್ಡಮ್ಮ. "ಇನ್ನೊಂಚೂರು ಒರೆಸಲಿ."